ಮಾಗಡಿ ರಸ್ತೆಯ ಬಾನಾಡಿಗಳು

ಅಮ್ಮ ತೀರಿಕೊಂಡ ಮರುವರ್ಷ ನಾನೂ ಅಪ್ಪನೂ ಚಾಮರಾಜಪೇಟೆಯ ಬಾಡಿಗೆಮನೆ ಬಿಟ್ಟು ರಾಜಾಜಿನಗರಕ್ಕೆ ಬಂದೆವು. ಐವತ್ತರ ದಶಕದ ಮೊದಲ ವರ್ಷಗಳವು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬೋಳು ತಾರಸಿ. ಬೀದಿಗೆಲ್ಲ ಒಂದೇ ನಲ್ಲಿ. ನಮ್ಮ ಬೀದಿ ಮುಗಿದಲ್ಲಿಗೆ ಊರೂ ಮುಗಿಯುತ್ತಿತ್ತು. ಅಲ್ಲಿಂದ ಮಾಗಡಿ ರಸ್ತೆಯ ತನಕ ರಾಗಿ ಹೊಲ, ನಡುನಡುವೆ ಹುಣಸೆಮರ. ನೋಡಲು ಬಂದ ನೆಂಟರು, “ಎಲ್ಲೋ ಕಾಡಿಗೆ ಬಂದ್ಬಿಟ್ರಲ್ಲ” ಎಂದು ಮರುಗಿ ಕತ್ತಲಾಗುವ ಮುಂಚೆ ಹೊರಟುಬಿಡುತ್ತಿದ್ದರು.

ಅಪ್ಪ ಹೊಸ ಬಡಾವಣೆಗಳನ್ನು ಮಾಡುವ ಕಚೇರಿಯಲ್ಲಿ ನಕ್ಷೆ ಬರೆಯುವವರು. ಮೋಜಣಿಯವರು ನೆಲ ಅಳೆದು ತಂದದ್ದನ್ನು ಇಟ್ಟುಕೊಂಡು ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ರಸ್ತೆ, ಸೈಟು, ಮೋರಿಗಳ ಗೆರೆ ಎಳೆಯುವುದು ಅವರ ಕೆಲಸ. ಹೀಗಾಗಿ ಊರು ಮೊದಲು ಅಪ್ಪನ ಮೇಜಿನ ಮೇಲೆ ಬೆಳೆಯುತ್ತಿತ್ತು, ಆಮೇಲೆ ನೆಲದ ಮೇಲೆ. ಅವರ ಗೆರೆ ನೇರಕ್ಕೆ ಹೆಸರಾಗಿತ್ತು. ಮನೆಯಲ್ಲಿ ಹಲಸಿನ ಹಪ್ಪಳ ಒಣಹಾಕುವಾಗಲೂ ಸಾಲು ಸೊಟ್ಟಗಾದರೆ ಎದ್ದು ಬಂದು ಸರಿಮಾಡುತ್ತಿದ್ದರು.

ನಾನು ಆಗಷ್ಟೇ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ಹುಡುಗಿಯರಿಗೆ ಕಪ್ಪೆ ಕೊಯ್ಯುವುದನ್ನು ತೋರಿಸುವುದು, ಸೀಸೆಗಳಿಗೆ ಫಾರ್ಮಲಿನ್ ತುಂಬುವುದು, ಗಾಜಿನ ಬೀರು ಒರೆಸುವುದು. ಮೆಜೆಸ್ಟಿಕ್‌ನಿಂದ ನಮ್ಮ ಕಡೆಗೆ ಬಸ್ಸು ಅಪರೂಪ. ಒಂದು ಸಂಜೆ ಬಸ್ಸು ತಪ್ಪಿ, ಮಾಗಡಿ ರಸ್ತೆಯ ಬಸ್ಸು ಹತ್ತಿ, ಇಳಿದು, ಹೊಲದ ಬದುವಿನ ಮೇಲೆ ಮನೆಯ ಕಡೆ ನಡೆದೆ. ಆಗ ಕಂಡದ್ದು ಆ ಮಂಟಪ.

ಹಳೆಯ ಗಾಡಿದಾರಿಯ ಪಕ್ಕದ ಕಲ್ಲಿನ ಮಂಟಪ. ಎಂಟು ಕಂಬ, ಮೇಲೆ ಚಪ್ಪಡಿ. ದೇವರಿಲ್ಲ. ಹಿಂದೆ ಸಂತೆಗೆ ಹೋಗುವವರು ಹೊರೆ ಇಳಿಸಿ ಕೂರುತ್ತಿದ್ದ ಜಾಗವಂತೆ. ಅದರ ಮೇಲೆ ಆಕಾಶದಲ್ಲಿ ಒಂದು ಹಿಂಡು ಹಕ್ಕಿ ಕಿರಿಚಿಕೊಂಡು ಸುತ್ತುತ್ತಿತ್ತು. ಗುಬ್ಬಿಯಷ್ಟೇ ಗಾತ್ರ, ಮೈ ಕಪ್ಪು, ಸೊಂಟದ ಮೇಲೆ ಅಂಗೈಯಲ್ಲಿ ಒರೆಸಿದಂತೆ ಒಂದು ಬಿಳಿ ಪಟ್ಟೆ, ಕುಡುಗೋಲಿನಂತೆ ಬಾಗಿದ ರೆಕ್ಕೆ. ಹೊತ್ತು ಇಳಿಯುತ್ತಿದ್ದಂತೆ ಒಂದೊಂದೇ ಕಳಚಿಕೊಂಡು ವೇಗ ತಗ್ಗಿಸದೆ ಕಂಬಗಳ ನಡುವೆ ನುಗ್ಗಿ ಚಾವಣಿಯ ಕೆಳಗೆ ಮಾಯವಾದವು. ಒಳಗೆ ಹೋಗಿ ತಲೆ ಎತ್ತಿದೆ. ಚಪ್ಪಡಿ ಕಂಬಕ್ಕೆ ಸೇರುವ ಮೂಲೆಗಳಲ್ಲೆಲ್ಲ ಒತ್ತೊತ್ತಾಗಿ ಗೂಡುಗಳು. ಹುಲ್ಲು, ಕೋಳಿಪುಕ್ಕ, ಹತ್ತಿ, ಎಲ್ಲವನ್ನೂ ಎಂಜಲಿನಿಂದ ಅಂಟಿಸಿದ ಮುದ್ದೆಗಳು. ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ತೂತು.

“ಏನವ್ವಾ, ಕತ್ತು ನೋಯಲ್ವಾ?”

ತಿರುಗಿ ನೋಡಿದೆ. ಕಂಬಕ್ಕೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಅವಳ ಎಮ್ಮೆ ಮೆಲುಕು ಹಾಕುತ್ತಿತ್ತು. ಅಲ್ಲೇ ಹತ್ತಿರದ ಹಳ್ಳಿಯ ಒಕ್ಕಲಿನವಳು.

“ಇವು ಯಾವಾಗ್ಲೂ ಇಲ್ಲೇ ಇರ್ತಾವಾ ಅಜ್ಜಿ?”

“ನಾ ಮದ್ವೆ ಆಗಿ ಬಂದಾಗ್ಲೂ ಇದ್ವು. ಮಂಟಪದ ಹಕ್ಕಿ ಅಂತೀವಿ. ಮರಕ್ಕೆ ಕೂರಲ್ಲ, ನೆಲಕ್ಕೆ ಇಳಿಯಲ್ಲ. ಇಲ್ಲಿ ಬಿಟ್ರೆ ಮ್ಯಾಲೆ.” ಅವಳು ಆಕಾಶ ತೋರಿಸಿದಳು. “ಮಧ್ಯ ಇನ್ನೇನೂ ಇಲ್ಲ ಅವ್ಕೆ.”

ಆ ಮೇಲೆ ನಾನು ಓದಿದ ಯಾವ ಪುಸ್ತಕವೂ ಈ ಹಕ್ಕಿಯ ನೆಲೆಯನ್ನು ಅಷ್ಟು ಚೊಕ್ಕವಾಗಿ ಹೇಳಲಿಲ್ಲ.

ಮಾರನೆಯ ದಿನ ಕಾಲೇಜಿನ ಗಾಜಿನ ಬೀರು ತೆರೆದೆ. ಅದರಲ್ಲಿ ಹುಲ್ಲು ತುಂಬಿದ ಅದೇ ಹಕ್ಕಿ ಒಂದು ಇತ್ತು. ಯಾವ ಕಾಲದ್ದೋ, ಪುಕ್ಕ ಉದುರುತ್ತಿತ್ತು. ಅದನ್ನು ಒಂದು ಕಡ್ಡಿಯ ಮೇಲೆ ತಂತಿಯಿಂದ ಕಟ್ಟಿ ಕೂರಿಸಿದ್ದರು. ಚೀಟಿಯಲ್ಲಿ ‘ಸ್ವಾಲೋ’ ಎಂದು ಬರೆದಿತ್ತು, ಟೆಲಿಗ್ರಾಫ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುಬಾಲದ ಹಕ್ಕಿಯ ಹೆಸರು. ತಂತಿ ಬಿಚ್ಚಿ ಕಾಲು ನೋಡಿದೆ. ನಾಲ್ಕು ಬೆರಳೂ ಮುಂದಕ್ಕೇ ಇದ್ದವು, ನಾಲ್ಕು ಕೊಕ್ಕೆಗಳ ಹಾಗೆ. ಗುಬ್ಬಿ, ಕಾಗೆ, ಸ್ವಾಲೋಗಳಿಗೆಲ್ಲ ಒಂದು ಬೆರಳು ಹಿಂದಕ್ಕಿರುತ್ತದೆ. ಕೊಂಬೆಯನ್ನು ಹಿಡಿಯುವುದು ಆ ಬೆರಳು. ಇದಕ್ಕೆ ಅದು ಇಲ್ಲ. ಇದು ಕೊಂಬೆಯ ಮೇಲೆ ಕೂರಲಾರದು, ಗೋಡೆಗೆ ತೂಗುಬೀಳಬಲ್ಲದು ಅಷ್ಟೆ. ರೆಕ್ಕೆ ಒಂದೇ ಥರ ಕಂಡರೂ ಸ್ವಾಲೋಗೂ ಇದಕ್ಕೂ ಸಂಬಂಧವಿಲ್ಲ. ಇದರ ಗಣವೇ ಬೇರೆ, ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುವ ಅಮೆರಿಕದ ಪುಟಾಣಿ ಹಕ್ಕಿಗಳಿಗೆ ದೂರದ ದಾಯಾದಿ. ಕುಲದ ಹೆಸರು ಏಪಸ್, ಅಂದರೆ ಕಾಲಿಲ್ಲದ್ದು. ಇಂಗ್ಲಿಷಿನಲ್ಲಿ ಹೌಸ್ ಸ್ವಿಫ್ಟ್. ನಾನು ಬಾನಾಡಿ ಎಂದು ಕರೆದುಕೊಂಡೆ.

ನಮ್ಮ ಪ್ರೊಫೆಸರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ನೀವು ಹೇಳೋದು ಸರಿ. ಆದ್ರೆ ಆ ಚೀಟಿ ಬಹಳ ಹಳೇದು. ರಿಜಿಸ್ಟರ್‌ನಲ್ಲೂ ಹಾಗೇ ಇದೆ. ಇರ್ಲಿ ಬಿಡಿ,” ಎಂದರು.

ಹಾಗೆ ಬಿಡಲು ನನಗಾಗಲಿಲ್ಲ. ವಾರಕ್ಕೆ ಮೂರು ಸಂಜೆ ಮಂಟಪಕ್ಕೆ ಹೋಗತೊಡಗಿದೆ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆ: ಯಾವ ಗೂಡಿಗೆ ಎಷ್ಟು ಹಕ್ಕಿ, ಯಾವ ತಿಂಗಳು ಮೊಟ್ಟೆ, ಮರಿಗೆ ಹುಳು ಹೇಗೆ ತರುತ್ತವೆ. ಅವು ಗಂಟಲು ಉಬ್ಬುವಷ್ಟು ಹುಳುಗಳನ್ನು ಉಂಡೆ ಕಟ್ಟಿ ತರುತ್ತಿದ್ದವು. ಅಜ್ಜಿ ಎಮ್ಮೆ ಹೊಡೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

“ಏನ್ ಬರೀತೀಯವ್ವ ದಿನಾ?”

“ಇದು ಯಾವ ಜಾತಿ, ಯಾವ ಕುಲ ಅಂತ ಬರೀತಿದೀನಿ ಅಜ್ಜಿ.”

“ಅಯ್ಯೋ, ಅವ್ಕೂ ಹಚ್ಬಿಟ್ರಾ!” ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ನಗುನಗುತ್ತಲೇ ಒಂದು ದಿನ ತನ್ನ ಹೊಲದ ಸಂಗತಿ ಹೇಳಿದಳು. ಮಂಟಪದ ಪಡುವಣಕ್ಕೆ ಕಾಣುತ್ತಿದ್ದ ರಾಗಿ ಹೊಲ ಅವಳದ್ದು. ಬಡಾವಣೆಗೆ ಹೋಗಿತ್ತು. ಕಲ್ಲು ನೆಟ್ಟಾಗಿತ್ತು, ಸೈಟು ಹಂಚುವ ತನಕ ಮಾತ್ರ ಬಿತ್ತಬಹುದು. “ಸರಪಳಿ ಎಳ್ಕೊಂಡು ಬಂದ್ರು, ಪುಸ್ತಕದಲ್ಲಿ ಬರ್ಕೊಂಡ್ರು, ಹೋದ್ರು. ಅವರಲ್ಲಿ ಒಬ್ರು ಕನ್ನಡಕದ ಅಯ್ನೋರು ನಮ್ ಮನೇಲಿ ಮಜ್ಜಿಗೆ ಕುಡುದ್ರು. ಒಳ್ಳೆ ಮನ್ಸ. ಹೊಲದ ಹೆಸರೇನು ಅಂತ ಕೇಳುದ್ರು. ಮಾವಿನ ಹೊಲ ಅಂದೆ.”

ಅಪ್ಪ ಕಚೇರಿಯಿಂದ ಅಪರೂಪಕ್ಕೆ ಮೋಜಣಿಯವರ ಜೊತೆ ಹೋಗುತ್ತಿದ್ದರು. ಕನ್ನಡಕವೂ ಇತ್ತು. ನನಗೆ ಆಗಲೇ ಅನುಮಾನ ಬಂತು. ಅಜ್ಜಿಗೆ ಏನೂ ಹೇಳಲಿಲ್ಲ. ಮನೆಗೆ ಬಂದು ಕೇಳಿದಾಗ ಅಪ್ಪ, “ಹೌದು, ಮಾವಿನ ಹೊಲ. ನಾನೇ ಬರೆದದ್ದು,” ಎಂದರು, ಹೆಮ್ಮೆಯಿಂದ. ಹೊಲಗಳ ಹೆಸರನ್ನು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುವುದು ಅವರ ಅಭ್ಯಾಸ. ಶಾಯಿ ಹಾಕಿದ ಮೇಲೆ ಅದನ್ನು ಅಳಿಸಬೇಕಾಗುತ್ತಿತ್ತು.

ಅಜ್ಜಿ ಇಲ್ಲದ ಒಂದು ಭಾನುವಾರ ಅಪ್ಪನನ್ನು ಮಂಟಪಕ್ಕೆ ಕರೆದುಕೊಂಡು ಹೋದೆ. ಗೂಡುಗಳ ಸ್ಥಾನ ಗುರುತಿಸಲು ನನಗೊಂದು ಚಿತ್ರ ಬೇಕಿತ್ತು. ಅಪ್ಪ ಟೇಪು ಹಿಡಿದು ಅಳೆದರು, ಕಂಬಗಳಿಗೆ ನಂಬರು ಕೊಟ್ಟರು, ಚಾವಣಿಯ ನಕ್ಷೆಯಲ್ಲಿ ಒಂದೊಂದು ಗೂಡಿಗೂ ಸಣ್ಣ ವೃತ್ತ ಹಾಕಿದರು. ಅಮ್ಮ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ನೋಡಮ್ಮ, ಈ ಮೂಲೇಲಿ ಒಂದರ ಗೋಡೆ ಇನ್ನೊಂದಕ್ಕೆ. ಜಾಗ ಉಳಿಸೋದು ಇವುಗಳಿಂದ ಕಲೀಬೇಕು,” ಎಂದರು. ಕಂಬದ ಆಚೆ ನಿಂತು ಬಡಾವಣೆಯ ಗಡಿಕಲ್ಲುಗಳನ್ನು ನೋಡಿದರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಣ್ಣಿನಲ್ಲೇ ಗೆರೆ ಎಳೆದರು. ಆಮೇಲೆ ಟೇಪು ಸುತ್ತತೊಡಗಿದರು.

“ಯಾಕಪ್ಪಾ?”

“ಇದು ರಸ್ತೆ ಮಧ್ಯಕ್ಕೆ ಬರುತ್ತಮ್ಮ.”

ಅವರೇ ಎಳೆದ ರಸ್ತೆ. ಮೋಜಣಿಯ ಹಾಳೆಯಲ್ಲಿ ಅಲ್ಲೊಂದು ಪುಟ್ಟ ಚೌಕ, ಪಕ್ಕದಲ್ಲಿ ‘ಹಾಳು ಮಂಟಪ’ ಎಂದು ಬರೆದಿತ್ತಂತೆ. ಹಾಳಾದದ್ದಕ್ಕೆ ಯಾರೂ ರಸ್ತೆ ಬಾಗಿಸುವುದಿಲ್ಲ. ಮನೆಯ ದಾರಿಯಲ್ಲಿ ಅವರು ಒಂದೇ ಮಾತು ಹೇಳಿದರು: “ಹಾಳು ಅಂತ ಬರೆದೋರು ಮೇಲೆ ನೋಡಿರ್ಲಿಲ್ಲ. ನಾನೂ ನೋಡಿರ್ಲಿಲ್ಲ.”

ಆ ವಾರ ಅಪ್ಪ ತಮ್ಮ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಮಾಡದ ಕೆಲಸ ಮಾಡಿದರು. ಅಂತಿಮ ಪ್ರತಿಯಲ್ಲಿ ರಸ್ತೆಯ ಗೆರೆಯನ್ನು ಮಂಟಪದ ಹತ್ತಿರ ಸ್ವಲ್ಪ ಬಾಗಿಸಿ, ಅಷ್ಟೇ ನಯವಾಗಿ ಮತ್ತೆ ನೇರಕ್ಕೆ ತಂದರು. ಯಾರನ್ನೂ ಕೇಳಲಿಲ್ಲ. ಎರಡು ದಿನವಾದ ಮೇಲೆ ಮೇಲಧಿಕಾರಿ ಹಾಳೆ ಬಿಡಿಸಿಕೊಂಡು ಅವರನ್ನು ಕರೆದರಂತೆ. ಗದರಲಿಲ್ಲ. “ನಿಮ್ಮ ಕೈ ಯಾವತ್ತೂ ನಡುಗಿದ್ದಿಲ್ಲ. ಇಲ್ಲೇನಾಯ್ತು? ಮೈ ಹುಷಾರಿಲ್ವಾ?” ಎಂದು ಕೇಳಿದರಂತೆ. ಅಪ್ಪ ನಿಜ ಹೇಳಿದರು. ಅಧಿಕಾರಿ, “ಹಕ್ಕಿಗೋಸ್ಕರ ಅಂತ ನಾನು ಫೈಲಲ್ಲಿ ಹೇಗ್ರೀ ಬರೀಲಿ?” ಎಂದು ತಾವೇ ಸ್ಕೇಲು ಇಟ್ಟು ಗೆರೆ ನೇರ ಮಾಡಿದರು.

ಊಟಕ್ಕೆ ಕೂತಾಗ ಅಪ್ಪ ಇದನ್ನು ಹೇಳಿದರು. ಅನ್ನಕ್ಕೆ ಕೈ ಹಾಕದೆ, “ಅವರು ನನ್ನ ಕೈ ನಡುಗಿತು ಅಂದ್ಕೊಂಡಿದ್ರೆ ಚೆನ್ನಾಗಿತ್ತು,” ಎಂದರು.

ಮಂಟಪ ಕೆಡವಬಾರದೆಂದು ನಾನು ಅರ್ಜಿ ಬರೆದೆ. ಪ್ರೊಫೆಸರು ಓದಿದರು. “ನೀವು ಇದನ್ನ ಅಪರೂಪದ ಹಕ್ಕಿ ಅಂತ ಎಲ್ಲೂ ಬರೆದಿಲ್ಲ,” ಎಂದರು.

“ಅಪರೂಪ ಅಲ್ಲ ಸಾರ್. ದೇಶದ ತುಂಬ ಇದೆ.”

“ಹಾಗಾದ್ರೆ ಯಾರು ಕೇಳ್ತಾರೆ? ಒಂದು ಮಂಟಪ ಹೋದ್ರೆ ಜಾತಿ ಅಳಿಯುತ್ತಾ?”

“ಜಾತಿ ಅಳಿಯಲ್ಲ ಸಾರ್. ಇವು ಅಳೀತಾವೆ.”

“‘ಇವು’ ಅನ್ನೋದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿಲ್ಲಮ್ಮ,” ಎಂದು ಅವರು ಮೆತ್ತಗೆ ಹೇಳಿ ಸಹಿ ಹಾಕಿಕೊಟ್ಟರು.

ಕಾಡುಪ್ರಾಣಿಗಳ ಉಸ್ತುವಾರಿಯ ಕಚೇರಿಯಲ್ಲಿ ಒಬ್ಬರು ವಿನಯದಿಂದಲೇ ಮಾತಾಡಿಸಿದರು. ಜನ ಬೇಟೆ ಆಡುವ ಹಕ್ಕಿಯೇ ಎಂದು ಕೇಳಿದರು. ಅಲ್ಲ ಎಂದೆ. ತಿನ್ನುವ ಹಕ್ಕಿಯೇ? ಅಲ್ಲ. ಕಾಡಿನದ್ದೇ? ಅಲ್ಲ. “ಹಾಗಾದ್ರೆ ನಮಗೆ ಬರಲ್ಲ,” ಎಂದರು. ಹಳೆಯ ಕಟ್ಟಡಗಳ ಕಚೇರಿಯಲ್ಲಿ ಮಂಟಪದಲ್ಲಿ ಶಾಸನ ಇದೆಯೇ, ಶಿಲ್ಪ ಇದೆಯೇ ಎಂದು ಕೇಳಿದರು. ಕಂಬಗಳು ಬೋಳು. ಅಲ್ಲಿಗೆ ಅದೂ ಮುಗಿಯಿತು.

ಊರವರ ಸಹಿ ಇದ್ದರೆ ತೂಕ ಬರುತ್ತದೆ ಎಂದು ಯಾರೋ ಹೇಳಿದರು. ಮಂಟಪಕ್ಕೆ ಹೋಗಿ ಅಜ್ಜಿಗೆ ಕಾಗದ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿದಳು.

“ಇದು ಹಕ್ಕಿಗಾ?”

“ಹ್ಞೂಂ ಅಜ್ಜಿ.”

“ನಮ್ ಹೊಲ ಹೋದಾಗ ಒಬ್ರೂ ಕಾಗದ ತರ್ಲಿಲ್ಲ ಕಣವ್ವ. ನೀನೂ ಎಷ್ಟ್ ತಿಂಗ್ಳಿಂದ ಬತ್ತಾ ಇದೀಯ. ಹೊಲ ಹಿಂದ್ಗಡೆನೇ ಇತ್ತು. ನಿನಗೆ ಹಕ್ಕಿ ಕಾಣುಸ್ತು.”

ಮುಖ ಬಿಸಿಯಾಯಿತು. ಕಾಗದ ಮಡಚಲು ಹೋದೆ. ಅವಳು ಕೈ ಹಿಡಿದಳು.

“ಕೊಡು ಇತ್ಲಾಗೆ. ನಮ್ದಂತೂ ಹೋಯ್ತು. ಅವ್ಕಾದ್ರೂ ಉಳೀಲಿ.”

ಹೆಬ್ಬೆಟ್ಟು ಒತ್ತಿದಳು. ಆ ದಿನವಾದರೂ ಅಪ್ಪನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಹೆಬ್ಬೆಟ್ಟು ಸಿಗುತ್ತಿರಲಿಲ್ಲವೋ ಏನೋ ಎಂಬ ಲೆಕ್ಕಾಚಾರ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಅರ್ಜಿಯಿಂದ ಸಿಕ್ಕಿದ್ದು ಒಂದೇ. ಅಪ್ಪನ ಮೇಲಧಿಕಾರಿ, ಮಳೆಗಾಲ ಕಳೆಯುವ ತನಕ ಮಂಟಪ ಮುಟ್ಟುವುದಿಲ್ಲ, ಮರಿಗಳು ಹಾರಿಹೋಗಲಿ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಅಷ್ಟಾದರೂ ಆಯಿತಲ್ಲ ಎಂದು ಅಪ್ಪ ಪಾಯಸ ಮಾಡಿಸಿದರು. ಒಂದು ತಿಂಗಳೊಳಗೆ ಆ ಅಧಿಕಾರಿಗೆ ಶಿವಮೊಗ್ಗದ ಕಡೆ ವರ್ಗವಾಯಿತು. ಬಾಯಿಮಾತು ಅವರ ಜೊತೆಗೇ ಹೋಯಿತು.

ಮಳೆ ಹಿಡಿಯುವ ಮುಂಚೆ ಮೋರಿ ಕೆಲಸ ಮುಗಿಯಬೇಕೆಂದು ಆತುರವಿತ್ತು. ಮೋರಿಗೆ ಚಪ್ಪಡಿ ಬೇಕಿತ್ತು. ಮಂಟಪದಲ್ಲಿ ಒಳ್ಳೆಯ ಚಪ್ಪಡಿಗಳಿದ್ದವು. ಒಂದು ಬೆಳಿಗ್ಗೆ ನಮ್ಮ ಬೀದಿಗೆ ಹಾಲು ತರುವವನು, “ಮಂಟಪ ಬಿಚ್ತಾವ್ರೆ,” ಎಂದ. ಅಪ್ಪ ಕಚೇರಿಗೆ ಹೊರಟಿದ್ದರು. ಕೋಟು ಹಾಕಿಕೊಂಡೇ ನನ್ನ ಜೊತೆ ಓಡಿದರು. ಓಡುವ ವಯಸ್ಸಾಗಿರಲಿಲ್ಲ ಅವರದ್ದು. ಹುಣಸೆಮರದ ಹತ್ತಿರ ನಿಂತು ಎದೆ ಹಿಡಿದುಕೊಂಡರು, ಮತ್ತೆ ನಡೆದರು.

ನಾವು ಹೋಗುವಷ್ಟರಲ್ಲಿ ಎರಡು ಚಪ್ಪಡಿ ಇಳಿದಿದ್ದವು. ಹಾರೆಯ ಪೆಟ್ಟಿಗೆ ಹಕ್ಕಿಗಳೆಲ್ಲ ಹೊರಬಿದ್ದು ತಲೆಯ ಮೇಲೆ ಕಿರಿಚುತ್ತ ಸುತ್ತುತ್ತಿದ್ದವು. ನೆಲದ ಮೇಲೆ ಗೂಡಿನ ಚೂರು, ಒಡೆದ ಬಿಳಿ ಮೊಟ್ಟೆ, ಪುಕ್ಕ ಬಾರದ ಮರಿಗಳು. ಅಪ್ಪ ಮೇಸ್ತ್ರಿಯ ಹತ್ತಿರ ಹೋಗಿ ಕೈ ಮುಗಿದರು. ನಾನು ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

“ಆರು ವಾರ ಬಿಡಪ್ಪ. ನಾನು ಆಫೀಸ್‌ನಲ್ಲಿ ಮಾತಾಡ್ತೀನಿ.”

“ಸಾಮಿ, ನನ್ ಕೈಲಿ ಏನೈತೆ? ಇವತ್ತು ಸಂಜೆಗೆ ಕಲ್ಲು ಮೋರಿ ಹತ್ರ ಇರ್ಬೇಕು ಅಂದವ್ರೆ.” ಅವನು ಸುತ್ತ ನೋಡಿದ. “ಊಟದ ತನಕ ಆ ಕಡೆ ಮೂಲೆ ಮುಟ್ಟಲ್ಲ. ಅಷ್ಟ್ರೊಳ್ಗೆ ಏನ್ ತಗೋತೀರೋ ತಗೊಳ್ಳಿ.”

ಆಗ ಅಜ್ಜಿ ಬಂದು ಎಮ್ಮೆಯನ್ನು ಒಂದು ಕಲ್ಲಿಗೆ ಕಟ್ಟಿದಳು. ಉಳಿದ ಮೂಲೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದಳು.

“ಈ ಅಯ್ನೋರು ನಮ್ ಮನೇಲಿ ಮಜ್ಜಿಗೆ ಕುಡುದಿದ್ರಲ್ವಾ? ಸರಪಳಿಯೋರ ಜೊತೆ ಬಂದಿದ್ರು.”

ಅಪ್ಪ ಹೌದೆಂದು ತಲೆಯಾಡಿಸಿದರು. “ನನ್ನ ತಂದೆ ಅಜ್ಜಿ,” ಎಂದೆ.

ಅವಳು ನನ್ನನ್ನು ನೋಡಿದಳು. ಎಮ್ಮೆಯ ಹಗ್ಗ ಬಿಚ್ಚಿ, ಹಳ್ಳಿಯ ಕಡೆ ನಡೆದಳು. ನಾನು ಹಿಂದೆ ಹೋಗಲಿಲ್ಲ. ಊಟದ ಹೊತ್ತಿನೊಳಗೆ ಮರಿಗಳನ್ನು ತೆಗೆಯಬೇಕಿತ್ತು.

ಅಪ್ಪನೂ ನಾನೂ ಮೇಸ್ತ್ರಿಯ ಏಣಿ ಹತ್ತಿ ಆ ಮೂಲೆಯ ಗೂಡುಗಳಿಗೆ ಕೈ ಹಾಕಿದೆವು. ಒಂಬತ್ತು ಮರಿ ಸಿಕ್ಕವು. ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ ಮನೆಗೆ ತಂದೆವು. ನನಗೆ ಅವುಗಳ ಗಣ ಗೊತ್ತಿತ್ತು, ಕುಲ ಗೊತ್ತಿತ್ತು; ಉಣಿಸುವುದು ಗೊತ್ತಿರಲಿಲ್ಲ. ಅವು ಗುಬ್ಬಿಮರಿಯಂತೆ ಬಾಯಿ ತೆರೆಯುವುದಿಲ್ಲ. ಕೊಕ್ಕನ್ನು ಉಗುರಿನಿಂದ ಬಿಡಿಸಿ ಒಳಗಿಡಬೇಕು. ತಾಯಿ ಗಾಳಿಯಿಂದ ಬಾಚಿ ತರುವ ಆ ನೂರಾರು ಸಣ್ಣ ಹುಳುಗಳಿಗೆ ನಾನು ಎಲ್ಲಿ ಹೋಗಲಿ? ಕಾಲೇಜಿಗೆ ರಜಾ ಹಾಕಿ, ಬಲೆ ಹಿಡಿದು ಹೊಲದ ಹುಲ್ಲಿನ ಮೇಲೆ ಬೀಸಿದೆ. ಅಪ್ಪ ಬೆಳಿಗ್ಗೆ ಗೆದ್ದಲುಹುತ್ತ ಕೆದಕಿ ಡಬ್ಬಿಯಲ್ಲಿ ಗೆದ್ದಲು ತಂದರು. ಮೊದಲ ದಿನ ನಾಲ್ಕು ಸತ್ತವು. ಎರಡನೆಯ ದಿನ ಎರಡು. ವಾರ ಕಳೆಯುವಷ್ಟರಲ್ಲಿ ಒಂದೇ ಉಳಿಯಿತು. ಅದಕ್ಕೆ ಆಗಲೇ ರೆಕ್ಕೆಯ ಗರಿ ಬಂದಿತ್ತು.

ಅದು ಬುಟ್ಟಿಯಲ್ಲಿ ಇರಲೊಲ್ಲದು. ತೂಗುಬೀಳಲು ನೇರವಾದ ಗೋಡೆ ಬೇಕು. ಅಪ್ಪ ಅದನ್ನು ತಮ್ಮ ಅಂಗಿಯ ಎದೆಗೆ ಅಂಟಿಸಿಕೊಂಡರು. ನಾಲ್ಕು ಬೆರಳೂ ನೂಲಿಗೆ ಸಿಕ್ಕಿಸಿ ಅದು ಅಲ್ಲೇ ನಿದ್ದೆ ಮಾಡುತ್ತಿತ್ತು. ಅಪ್ಪ ಹಾಗೇ ಪೇಪರು ಓದಿದರು, ಹಾಗೇ ಕಾಫಿ ಕುಡಿದರು, ಮೈ ಅಲುಗಿಸದೆ ಕೂತಲ್ಲೇ ಇರುತ್ತಿದ್ದರು. “ಇದು ಬದುಕುತ್ತಮ್ಮ,” ಎನ್ನುತ್ತಿದ್ದರು. ನಾನೂ ಸ್ವಲ್ಪ ನಂಬಿದೆ. ತಾರಸಿಯಿಂದ ಹಾರಿಬಿಡುವುದು ಹೇಗೆಂದು ಮಾತಾಡಿಕೊಂಡೆವು.

ಹನ್ನೊಂದನೆಯ ದಿನ ಮಧ್ಯಾಹ್ನ ಅಪ್ಪ ನನ್ನನ್ನು ಕರೆದರು. ದನಿ ಸಣ್ಣಗಿತ್ತು. “ನೋಡಮ್ಮ, ಅಲುಗ್ತಾ ಇಲ್ಲ.” ಸತ್ತು ಎಷ್ಟು ಹೊತ್ತಾಗಿತ್ತೋ. ಕಾಲು ಮಾತ್ರ ಅಂಗಿ ಬಿಟ್ಟಿರಲಿಲ್ಲ. ಒಂದೊಂದೇ ಬೆರಳನ್ನು ಸೂಜಿಯ ಮೊನೆಯಿಂದ ನೂಲಿನಿಂದ ಬಿಡಿಸಿದೆ. ಅಪ್ಪ ಅಷ್ಟು ಹೊತ್ತೂ ಗೋಡೆ ನೋಡುತ್ತ ಕೂತಿದ್ದರು.

ದೊಡ್ಡ ಹಕ್ಕಿಗಳು ಒಂದು ವಾರ ಸಂಜೆ ಸಂಜೆ ಅಲ್ಲಿಗೆ ಬಂದವು. ಮಂಟಪ ಇದ್ದ ಎತ್ತರಕ್ಕೆ ಇಳಿದು, ಕಂಬಗಳಿದ್ದ ಜಾಗದ ನಡುವೆ ನುಗ್ಗಿ, ಅಂಟಿಕೊಳ್ಳಲು ಏನೂ ಸಿಗದೆ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ನಾವು ತಾರಸಿಯ ಅಂಚಿಗೆ ಹಲಗೆ ಹೊಡೆದೆವು, ಅದರಡಿ ಉದುರಿದ ಗೂಡುಗಳನ್ನೇ ಅಂಟಿಸಿ ಇಟ್ಟೆವು. ಒಂದೂ ಅತ್ತ ಸುಳಿಯಲಿಲ್ಲ. ಎಂಟನೆಯ ಸಂಜೆ ಆಕಾಶ ಖಾಲಿಯಾಗಿತ್ತು.

ಅಜ್ಜಿಯನ್ನು ಹುಡುಕಿಕೊಂಡು ಹಳ್ಳಿಗೆ ಹೋದೆ. ಮಗ ನಾಯಂಡಹಳ್ಳಿಯ ಕಡೆ ಕೆಲಸ ಹಿಡಿದಿದ್ದನಂತೆ. ಸಾಮಾನು ಗಾಡಿಗೆ ಏರುತ್ತಿತ್ತು. ಎಮ್ಮೆ ಇರಲಿಲ್ಲ. ಕ್ಷಮಿಸು ಎಂದು ಹೇಳಲು ನಾನು ತೊದಲುತ್ತಿದ್ದೆ. ಅವಳು ತಡೆದಳು.

“ನಿಮ್ಮಪ್ಪ ಎಳೀದಿದ್ರೆ ಇನ್ಯಾರೋ ಎಳೀತಿದ್ರು ಗೆರೆ. ಅದಕ್ಕಲ್ಲ. ದಿನಾ ಪಕ್ಕದಲ್ಲಿ ಕೂತ್ಕೊಂಡು ಹೇಳ್ದೆ ಇದ್ಯಲ್ಲ, ಅದು.”

ಅಷ್ಟು ಹೇಳಿ ಗಾಡಿಗೆ ಹಗ್ಗ ಬಿಗಿಯುವವರಿಗೆ, ಒರಳುಕಲ್ಲು ಮರೀಬೇಡ್ರೋ ಎಂದು ಕೂಗಿದಳು. ನಾನು ಸ್ವಲ್ಪ ಹೊತ್ತು ನಿಂತು ವಾಪಸಾದೆ. ಮತ್ತೆ ಅವಳನ್ನು ಕಾಣಲಿಲ್ಲ.

ಅಪ್ಪನಿಗೆ ಎದೆನೋವು ಶುರುವಾದದ್ದು ಆ ಮಳೆಗಾಲದಲ್ಲಿ. ಡಾಕ್ಟರು ಓಡಾಟ ಬೇಡವೆಂದರು. ಆದರೂ ಅವರ ತಲೆಯಲ್ಲಿ ಒಂದೇ ಪ್ರಶ್ನೆ. “ಆ ದೊಡ್ಡ ಹಕ್ಕಿಗಳು ಎಲ್ಲಿಗೆ ಹೋಗಿರ್ತಾವೆ?” ಕೆಂಗೇರಿಯ ಹತ್ತಿರ ಹಳೆಯ ಕಲ್ಲುಕಟ್ಟಡವೊಂದರಲ್ಲಿ ಬಾನಾಡಿಗಳಿದ್ದವು. ಹಿಂದಿನ ವರ್ಷ ನಾನೇ ಹೋಗಿ ಗೂಡು ಎಣಿಸಿ ಬರೆದಿಟ್ಟಿದ್ದೆ. ಅದನ್ನು ಬಾಯಿತಪ್ಪಿ ಹೇಳಿದೆ. ಅಂದಿನಿಂದ ಅಪ್ಪನದು ಒಂದೇ ಹಟ.

ಒಂದು ಭಾನುವಾರ ಮೈಸೂರು ರೈಲಿನಲ್ಲಿ ಕೆಂಗೇರಿಗೆ ಹೋದೆವು. ಸ್ಟೇಷನ್ನಿನಿಂದ ಜಟಕಾ. ಅಪ್ಪ ಆ ಕಲ್ಲುಕಟ್ಟಡದ ಬಾಗಿಲ ಮೆಟ್ಟಿಲ ಮೇಲೆ ಕೂತರು. ನಾನು ಒಳಗೆ ಹೋಗಿ ತಲೆ ಎತ್ತಿ ಎಣಿಸಿದೆ. ತಪ್ಪಾಗಿರಬಹುದೆಂದು ಮತ್ತೆ ಎಣಿಸಿದೆ. ಹಿಂದಿನ ವರ್ಷಕ್ಕಿಂತ ಒಂದು ಗೂಡೂ ಹೆಚ್ಚಿರಲಿಲ್ಲ. ಮಳೆನೀರು ಇಳಿದ ಒಂದು ಮೂಲೆಯಲ್ಲಿ ಮೂರು ಕಡಿಮೆಯೇ ಆಗಿದ್ದವು. ಇದ್ದ ಗೂಡುಗಳಲ್ಲಿ ಇದ್ದ ಹಕ್ಕಿಗಳು ಅಲ್ಲಿಯವೇ. ನಮ್ಮವು ಇಲ್ಲಿಗೆ ಬಂದಿರಲಿಲ್ಲ.

ಹೊರಗೆ ಬಂದೆ. ಅಪ್ಪ ಮುಖ ಎತ್ತಿದರು.

“ಹೆಚ್ಚಾಗಿದಾವಾ?”

“ಹೆಚ್ಚಾಗಿದಾವೆ ಅಪ್ಪ.”

“ಎಷ್ಟು?”

“ಹದಿನೇಳು ಹೊಸ ಗೂಡು.”

“ಬರೆದಿಟ್ಕೊ ಮತ್ತೆ,” ಎಂದರು. “ಆಮೇಲೆ ಮರ್ತುಹೋಗುತ್ತೆ.”

ಅವರ ಎದುರಿಗೇ ನೋಟ್‌ಬುಕ್ಕು ತೆರೆದು ಹದಿನೇಳು ಎಂದು ಬರೆದೆ. ಅಪ್ಪ ಕನ್ನಡಕ ಏರಿಸಿ ಓದಿದರು. ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರು. ಮಂಟಪ ಬಿದ್ದ ಮೇಲೆ ಮೊದಲ ಸಲ ಅವರ ಮುಖ ಸಡಿಲವಾಗಿತ್ತು.

ಮಾರನೆಯ ವಾರ ಪ್ರೊಫೆಸರು ತಾವಾಗಿಯೇ ಕೇಳಿದರು: “ಎರಡು ವರ್ಷದ್ದು ಬರೆದಿಟ್ಟಿದೀರಲ್ಲ, ಒಂದು ಲೇಖನ ಮಾಡಿ. ನಾನು ಕಳಿಸ್ತೀನಿ.” ಬೇಡ ಸಾರ್ ಎಂದೆ. ಕಾರಣ ಕೇಳಿದರು, ಹೇಳಲಿಲ್ಲ. ಹದಿನೇಳನ್ನು ಹೊಡೆದುಹಾಕಿ ಕಳಿಸಬಹುದಿತ್ತು. ಆದರೆ ಅಪ್ಪ ಆ ಲೇಖನ ಓದುತ್ತಿದ್ದರು, ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದುತ್ತಿದ್ದರು. ಅವರು ಬದುಕಿರುವ ತನಕ ಕಾಯೋಣ ಎಂದುಕೊಂಡೆ. ಹಾಗೆ ಕಾಯುವುದೆಂದರೆ ಏನನ್ನು ಕಾದಂತೆ ಎಂದು ಹೊಳೆದ ದಿನ ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ನಾನು ಹಕ್ಕಿಗಳ ಬಗ್ಗೆ ಏನೂ ಬರೆಯಲಿಲ್ಲ. ನೌಕರಿ ಮುಗಿಯುವ ತನಕ ಕಪ್ಪೆ ಕೊಯ್ಯಿಸಿದೆ.

ಅಪ್ಪ ಕೆಂಗೇರಿಯಿಂದ ಬಂದ ಮರುದಿನವೇ ಕಚೇರಿಗೆ ಹೊರಟರು. ಬೇಡವೆಂದರೂ ಕೇಳಲಿಲ್ಲ. ಮಾಗಡಿ ರಸ್ತೆಯ ಆಚೆಬದಿಯ ಹೊಲಗಳ ಹಾಳೆ ಬಂದಿದೆ, ಶಾಯಿ ಹಾಕಲು ತಮ್ಮನ್ನೇ ಕಾಯುತ್ತಿದ್ದಾರೆ ಎಂದರು. ಸಂಜೆ ಬಂದು ಕೋಟು ಬಿಚ್ಚುತ್ತ, ಆ ಹೊಲಗಳ ಹೆಸರುಗಳನ್ನು ಒಂದೊಂದಾಗಿ ನನಗೆ ಹೇಳಿದರು. ಆಮೇಲೆ ಒಂದೂವರೆ ವರ್ಷ ಇದ್ದರು. ಆ ಹಾಳೆಯ ಗೆರೆಗಳೆಲ್ಲ ನೇರವಾಗಿಯೇ ಇದ್ದವು ಎಂದು ಅವರ ಜೊತೆಯವರು ಸಾವಿಗೆ ಬಂದಾಗ ಹೇಳಿದರು.